ಪಿಯುಸಿ ಆಗಿದೆ, ಪೂರ್ವ ಪ್ರಾಥಮಿಕ ಟೀಚರ್ ಆಗಬೇಕು: ಯಾವ ಕೋರ್ಸು, ಏನೇನು ನೋಡಿ ಸೇರಬೇಕು?

ತುಂಬೆಹೂ:

ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯುಸಿ, ಕಲಾ ವಿಭಾಗ, 58 ಪರ್ಸೆಂಟ್. ವಯಸ್ಸು 31. ಇರುವುದು ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಲ್ಲಿ. ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲಿಸುವ ಕೆಲಸಕ್ಕೆ ಹೋಗಬೇಕು ಅಂತ ತೀರ್ಮಾನ ಮಾಡಿದ್ದೇನೆ. ಆದರೆ ಏನೂ ಕಲಿಯದೆ ಹೋಗಿ ಮಕ್ಕಳ ಮುಂದೆ ನಿಲ್ಲುವುದು ಬೇಡ, ಸರಿಯಾದ ತರಬೇತಿ ಮೊದಲು ಆಗಲಿ ಅಂತಿದೆ.

ವಿಚಾರಿಸಿದಷ್ಟೂ ಗೊಂದಲ ಜಾಸ್ತಿಯಾಗಿದೆ. ಒಬ್ಬರು ಆರು ತಿಂಗಳ ಎನ್‌ಟಿಟಿ ಸಾಕು ಅಂತಾರೆ, ಇನ್ನೊಬ್ಬರು ಮಾಂಟೆಸರಿ ಮಾಡಿ ಅಂತಾರೆ, ಮತ್ತೊಬ್ಬರು ಡಿ.ಎಲ್.ಇಡಿ ಅಂತಾರೆ. ಎಲ್ಲ ಕಡೆಯೂ 'ಸರ್ಕಾರಿ ಮಾನ್ಯತೆ ಇದೆ' ಅಂತಲೇ ಬರೆದಿದೆ. ಯಾವುದಕ್ಕೆ ನಿಜವಾಗಿ ಬೆಲೆ ಇದೆ? ಫೀಸು ಕಟ್ಟುವ ಮೊದಲು ಏನು ಕೇಳಬೇಕು? ತರಬೇತಿಯಲ್ಲಿ ನಿಜವಾಗಿ ಕಲಿಯಬೇಕಾದ್ದು ಏನು? ಅಂಗನವಾಡಿ ದಾರಿ ನನಗೆ ಇನ್ನೂ ಇದೆಯಾ? ಗೊತ್ತಿರುವವರು ವಿವರವಾಗಿ ಹೇಳಿ, ಉಪಕಾರವಾಗುತ್ತೆ.

ಹಲಗೆಬಳಪ:

ಎನ್‌ಟಿಟಿ ಅನ್ನುವುದು ಒಂದೇ ಕೋರ್ಸಿನ ಹೆಸರಲ್ಲ ಮೇಡಂ, ಗೊಂದಲ ಶುರುವಾಗುವುದೇ ಅಲ್ಲಿ. ನರ್ಸರಿ ಟೀಚರ್ ಟ್ರೇನಿಂಗ್ ಅಂತ ಯಾರು ಬೇಕಾದರೂ ಮೂರು ತಿಂಗಳಿಗೂ ಕೊಡುತ್ತಾರೆ, ವರ್ಷಕ್ಕೂ ಕೊಡುತ್ತಾರೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, ತನ್ನ 2014ರ ನಿಯಮಗಳಲ್ಲಿ ಈ ವಯಸ್ಸಿನ ಮಕ್ಕಳ ಶಿಕ್ಷಕರಿಗೆ ಅಂತ ಇಟ್ಟಿರುವ ಡಿಪ್ಲೊಮಾದ ಹೆಸರು ಡಿಪಿಎಸ್‌ಇ, ಡಿಪ್ಲೊಮಾ ಇನ್ ಪ್ರೀ ಸ್ಕೂಲ್ ಎಜುಕೇಶನ್. ಅವಧಿ ಎರಡು ವರ್ಷ. ಪಿಯುಸಿಯಲ್ಲಿ 50 ಪರ್ಸೆಂಟ್ ಇರಬೇಕು, ನಿಮಗಿದೆ. ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ. ಹಾಜರಿ ತರಗತಿಗೆ 80 ಪರ್ಸೆಂಟ್, ಶಾಲೆಯಲ್ಲಿ ಮಾಡುವ ಇಂಟರ್ನ್‌ಶಿಪ್‌ಗೆ 90. ಈ ಕೊನೆಯ ಅಂಕಿ ನೆನಪಿಟ್ಟುಕೊಳ್ಳಿ, ಮಕ್ಕಳ ಜೊತೆ ಕಳೆಯುವ ದಿನಕ್ಕೆ ಪಾಠದ ದಿನಕ್ಕಿಂತ ಹೆಚ್ಚು ಬಿಗಿ ಇಟ್ಟಿದ್ದಾರೆ.

'ಎನ್‌ಸಿಟಿಇ ಮಾನ್ಯತೆ ಇರುವ ಡಿಪಿಎಸ್‌ಇ, ಮನೆಯಿಂದಲೇ ಮಾಡಿ' ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಆ ನಿಯಮಗಳಲ್ಲಿ ದೂರಶಿಕ್ಷಣಕ್ಕೆ ಮಾನದಂಡ ಇರುವುದು ಡಿ.ಎಲ್.ಇಡಿ ಮತ್ತು ಬಿ.ಇಡಿಗೆ ಮಾತ್ರ.

ಪರೀಕ್ಷೆ ಮಾಡುವ ರೀತಿ ಹೀಗೆ. ಸಂಸ್ಥೆಯವರ ಹತ್ತಿರ ಮಾನ್ಯತೆಯ ಆದೇಶದ ಪ್ರತಿ ಕೇಳಿ. ಅದರಲ್ಲಿ ಆದೇಶ ಸಂಖ್ಯೆ, ಕೋರ್ಸಿನ ಪೂರ್ತಿ ಹೆಸರು, ಸೀಟುಗಳ ಸಂಖ್ಯೆ, ಸಂಸ್ಥೆಯ ವಿಳಾಸ ನಾಲ್ಕೂ ಇರುತ್ತದೆ. ಎನ್‌ಸಿಟಿಇ ಜಾಲತಾಣದಲ್ಲಿ ದಕ್ಷಿಣ ವಲಯದ ಸಂಸ್ಥೆಗಳ ಪಟ್ಟಿ ತೆಗೆದು ಆ ನಾಲ್ಕನ್ನೂ ತಾಳೆ ನೋಡಿ. ಎಡವುವುದು ಕೋರ್ಸಿನ ಹೆಸರಿನಲ್ಲಿ. ಸಂಸ್ಥೆಗೆ ಮಾನ್ಯತೆ ಇರುತ್ತದೆ, ಆದರೆ ಅದು ಬಿ.ಇಡಿಗೆ, ಅದೇ ಬೋರ್ಡಿನ ಕೆಳಗೆ ಎನ್‌ಟಿಟಿಗೂ ಸೇರಿಸಿಕೊಳ್ಳುತ್ತಾರೆ. ಟ್ರಸ್ಟ್ ನೋಂದಣಿ, ಐಎಸ್ಒ ಪ್ರಮಾಣಪತ್ರ, ಎಂಎಸ್ಎಂಇ ನೋಂದಣಿ ಇವು ಯಾವುವೂ ಶಿಕ್ಷಕರ ತರಬೇತಿಗೆ ಮಾನ್ಯತೆ ಆಗುವುದಿಲ್ಲ.

ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ದೂರಶಿಕ್ಷಣದಲ್ಲಿ ಕೊಡುವ ಡಿಇಸಿಇ (ಶಿಶು ಪಾಲನೆ ಮತ್ತು ಶಿಕ್ಷಣದ ಡಿಪ್ಲೊಮಾ) ಬೇರೆ ತರಹದ್ದು. ಅದು ವಿಶ್ವವಿದ್ಯಾಲಯದ ಡಿಪ್ಲೊಮಾ, ಪಿಯುಸಿ ಆದವರು ಸೇರಬಹುದು, ಕನಿಷ್ಠ ಒಂದು ವರ್ಷ. ಒಟ್ಟು 32 ಕ್ರೆಡಿಟ್. ಇಗ್ನೋ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು, ಅಂದರೆ 960 ಗಂಟೆ. ಮೂರು ಥಿಯರಿ ಪತ್ರಿಕೆ: ಶಿಶುಪಾಲನಾ ಸೇವೆಗಳನ್ನು ನಡೆಸುವುದು, ಮಕ್ಕಳ ಆರೋಗ್ಯ ಮತ್ತು ಪೋಷಣೆ, ವಿಶೇಷ ಅಗತ್ಯದ ಮಕ್ಕಳ ಸೇವೆಗಳು. ನಾಲ್ಕನೆಯದು ಪ್ರಾಜೆಕ್ಟ್. ಜನ ಕೈಬಿಡುವುದು ಆ ಪ್ರಾಜೆಕ್ಟಿನ ಹಂತದಲ್ಲೇ. ಥಿಯರಿ ಪರೀಕ್ಷೆ ಬರೆದು ಪಾಸಾಗುತ್ತಾರೆ, ಆಮೇಲೆ ಮಕ್ಕಳ ಜೊತೆ ಚಟುವಟಿಕೆ ನಡೆಸಿ ವರದಿ ಬರೆಯುವುದಕ್ಕೆ ಶಾಲೆ ಸಿಗದೆ ಅರ್ಧಕ್ಕೇ ನಿಂತುಬಿಡುತ್ತದೆ. ಸೇರುವ ದಿನವೇ ಹತ್ತಿರದ ಶಿಶುವಿಹಾರದವರನ್ನೋ ಅಂಗನವಾಡಿಯ ಮೇಲ್ವಿಚಾರಕರನ್ನೋ ಕಂಡು ಅನುಮತಿ ಮಾತಾಡಿಟ್ಟುಕೊಳ್ಳಿ. ಅರ್ಜಿ ಜನವರಿ ಮತ್ತು ಜುಲೈ ಎರಡು ಸಲ ಇರುತ್ತದೆ, ಈಗ ಎಬಿಸಿ ಐಡಿ (ಕ್ರೆಡಿಟ್‌ಗಳನ್ನು ಜಮಾ ಇಡುವ ಆನ್‌ಲೈನ್ ಖಾತೆಯ ಸಂಖ್ಯೆ) ಮತ್ತು ಡಿಇಬಿ ಐಡಿ (ದೂರಶಿಕ್ಷಣ ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಮೊದಲೇ ಮಾಡಿಸಿರಬೇಕು. ಪುಸ್ತಕ ಯಾವ ಭಾಷೆಯಲ್ಲಿ ಬರುತ್ತದೆ ಅನ್ನುವುದನ್ನು ಅಧ್ಯಯನ ಕೇಂದ್ರದಲ್ಲಿ ಕೇಳಿಯೇ ಸೇರಿ.

ಡಿ.ಎಲ್.ಇಡಿ ಕೆಟ್ಟ ಕೋರ್ಸಲ್ಲ, ಆದರೆ ಅದು ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ. ಮೂರು ವರ್ಷದ ಮಗು ಅದರ ಕೇಂದ್ರದಲ್ಲಿಲ್ಲ. ಬಿ.ಇಡಿ ಮಾಡಿದವರು ಸಣ್ಣ ಮಕ್ಕಳಿಗೆ ಕಲಿಸಬಹುದು ಬಿಡಿ ಅನ್ನುವ ಮಾತನ್ನೂ ನಂಬಬೇಡಿ. 1ರಿಂದ 5ನೇ ತರಗತಿಗೆ ಬಿ.ಇಡಿ ಅರ್ಹತೆಯಲ್ಲ ಅಂತ ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿದೆ. ದೊಡ್ಡ ಮಕ್ಕಳಿಗೆ ಕಲಿಸಲು ಕಲಿತವರು ಸಣ್ಣವರಿಗೆ ತಾನಾಗಿ ಕಲಿಸಬಲ್ಲರು ಅಂತ ಹೇಳಲು ಬರುವುದಿಲ್ಲ ಅನ್ನುವುದೇ ಅದರ ತಿರುಳು.

ಅಂಗಳದಮಾತು:

ಅಂಗನವಾಡಿ ಬಗ್ಗೆ ನಾನು ಹೇಳುತ್ತೇನೆ. ಕಾರ್ಯಕರ್ತೆ ಹುದ್ದೆಗೆ ದ್ವಿತೀಯ ಪಿಯುಸಿ, ಸಹಾಯಕಿ ಹುದ್ದೆಗೆ ಎಸ್‌ಎಸ್‌ಎಲ್‌ಸಿ. ಸಾಮಾನ್ಯ ವಯೋಮಿತಿ 35, ಹಾಗಾಗಿ ನಿಮಗೆ ಇನ್ನೂ ಅವಕಾಶ ಇದೆ, ತಡ ಮಾಡಬೇಡಿ. ಆ ಕೇಂದ್ರದ ವ್ಯಾಪ್ತಿಯ ಸ್ಥಳೀಯ ನಿವಾಸಿಯೇ ಆಗಿರಬೇಕು. ಪಕ್ಕದ ಊರಿನ ಕೇಂದ್ರಕ್ಕೆ ಹಾಕಿದ ಅರ್ಜಿ ಅಂಕ ಎಷ್ಟೇ ಇದ್ದರೂ ತಿರಸ್ಕೃತವಾಗುತ್ತದೆ. ಮದುವೆಯಾಗಿ ಬಂದವರ ಆಧಾರ್‌ನಲ್ಲಿ ತವರಿನ ವಿಳಾಸ ಹಾಗೇ ಉಳಿದಿರುತ್ತದೆ. ಅದನ್ನು ಇವತ್ತೇ ನೋಡಿ. ವಾಸಸ್ಥಳ ದೃಢೀಕರಣ ಪತ್ರ, ಜಾತಿ ಪ್ರಮಾಣ ಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ, ಪ್ರಕಟಣೆ ಬಂದ ಮೇಲೆ ನಾಡಕಚೇರಿಗೆ ಓಡಿದರೆ ದಿನ ಸಾಲುವುದಿಲ್ಲ.

ಅಂಗನವಾಡಿ ಅಂದರೆ ಆಹಾರ ಹಂಚುವ ಜಾಗ ಅಂದುಕೊಂಡವರು ಇನ್ನೂ ಬಹಳ ಜನ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಐಸಿಡಿಎಸ್, ಅಂದರೆ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಶುರುವಾಯಿತು, ಅದರಲ್ಲಿ ನಮ್ಮ ಟಿ.ನರಸೀಪುರವೂ ಒಂದು. ಅಂದಿನಿಂದಲೂ ಶಾಲಾಪೂರ್ವ ಶಿಕ್ಷಣ ಅದರ ಸೇವೆಗಳಲ್ಲಿ ಒಂದು. ಈಗ 'ಪೋಷಣ್ ಭೀ ಪಢಾಯಿ ಭೀ' ಕಾರ್ಯಕ್ರಮ 2023ರ ಮೇನಲ್ಲಿ ಬಂದ ಮೇಲೆ ಕಾರ್ಯಕರ್ತೆಯರಿಗೆ ಅದಕ್ಕಾಗಿಯೇ ತರಬೇತಿ ನಡೆಯುತ್ತಿದೆ. 2024ರಲ್ಲಿ ಬಂದ 'ಆಧಾರಶಿಲಾ' ಪಠ್ಯಕ್ರಮದಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ 48 ವಾರಗಳ ಚಟುವಟಿಕೆ ಇದೆ, ಮೂರಕ್ಕಿಂತ ಕೆಳಗಿನವರಿಗೆ 'ನವಚೇತನಾ'. ನಮ್ಮ ರಾಜ್ಯದ ಅಂಗನವಾಡಿ ಪಠ್ಯಕ್ರಮ 'ಚಿಲಿಪಿಲಿ' ಮೊದಲಿನಿಂದ ಇದ್ದೇ ಇದೆ. ನೀವು ಯಾವ ಕೋರ್ಸಿಗೆ ಸೇರಿದರೂ ಆಧಾರಶಿಲಾ, ಚಿಲಿಪಿಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಖಾಸಗಿ ಕೋರ್ಸುಗಳ ಎಷ್ಟೋ ಕೈಪಿಡಿಗಳಿಗಿಂತ ಅವು ವಾಸಿ.

ಇನ್ನೊಂದು: 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಿಯುಸಿ ಆದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಅಂತ ಹೇಳಿದೆ. ಅದು ಕೆಲಸದಲ್ಲಿ ಇರುವವರಿಗೆ. ಹೊರಗೆ ಮಾರುವ ಆರು ತಿಂಗಳ ಕೋರ್ಸಿಗೆ ಈ ನೀತಿಯ ಹೆಸರು ಅಂಟಿಸಿ ಹೇಳಿದರೆ ಒಪ್ಪಬೇಡಿ.

ಮರಳುಗುಡ್ಡೆ:

ಮಾನ್ಯತೆ ವಿಷಯ ಹಲಗೆಬಳಪ ಅವರು ಸರಿಯಾಗಿ ಹೇಳಿದ್ದಾರೆ. ನಾನು ತರಬೇತಿಯ ಒಳಗಿನ ವಿಷಯ ಹೇಳುತ್ತೇನೆ.

ಫೀಸು ಕಟ್ಟುವ ಮೊದಲು ಸಂಸ್ಥೆಗೆ ಕೇಳಬೇಕಾದ ಪ್ರಶ್ನೆ ಒಂದೇ: ಮಕ್ಕಳ ಜೊತೆ ಎಷ್ಟು ದಿನ? ಬರೀ ದಿನ ಅಲ್ಲ, ಎಷ್ಟು ದಿನ ಸುಮ್ಮನೆ ಕೂತು ನೋಡುವುದು, ಎಷ್ಟು ದಿನ ಸಹಾಯಕರಾಗಿ, ಎಷ್ಟು ದಿನ ಪೂರ್ತಿ ತರಗತಿ ನೀವೇ ನಡೆಸುವುದು, ಅದರಲ್ಲಿ ಎಷ್ಟು ಸಲ ಮಾರ್ಗದರ್ಶಕರು ಹಿಂದೆ ಕೂತು ನೋಡಿ ಬರೆದುಕೊಡುತ್ತಾರೆ. ಕೊನೆಯದಕ್ಕೆ ಉತ್ತರ ತಡವರಿಸಿದರೆ ಆ ಕೋರ್ಸು ಬೇಡ. ಚಾರ್ಟು, ಥರ್ಮೋಕೋಲ್ ಮಾದರಿ, ಗ್ಲಿಟರ್ ಹಾಕಿದ ಫೈಲು ಮಾಡಿಸಿ ಕಳಿಸುವ ಕೋರ್ಸುಗಳು ತುಂಬಾ ಇವೆ. ಫೈಲು ನೋಡುವುದಕ್ಕೆ ಚೆನ್ನಾಗಿರುತ್ತದೆ, ಅಳುವ ಮಗುವಿನ ಮುಂದೆ ಅದು ಯಾವುದಕ್ಕೂ ಬರುವುದಿಲ್ಲ.

ಕಲಿಯಬೇಕಾದ್ದರಲ್ಲಿ ಮೊದಲನೆಯದು ನೋಡುವುದು. ನೋಡಿದ್ದನ್ನು ಬರೆಯುವುದು. ಅವಲೋಕನ ದಾಖಲೆ ಅಂತಾರೆ. ಎಲ್ಲರೂ ಮಾಡುವ ತಪ್ಪು, ನೋಡಿದ್ದನ್ನು ಬರೆಯದೆ ಅನಿಸಿದ್ದನ್ನು ಬರೆಯುವುದು. 'ಮಗು ಇವತ್ತು ತುಂಬಾ ಹಠ ಮಾಡಿತು, ಯಾರ ಜೊತೆಯೂ ಹೊಂದಿಕೊಳ್ಳಲಿಲ್ಲ' ಅಂತ ಬರೆದರೆ ಅದರಿಂದ ನಾಳೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಹೀಗೆ ಬರೆಯಬೇಕು:

'10.20, ದಿಮ್ಮಿಗಳ ಮೂಲೆ. 3 ವರ್ಷ 8 ತಿಂಗಳಿನ ಮಗು. ನಾಲ್ಕು ದಿಮ್ಮಿ ಒಂದರ ಮೇಲೊಂದು ಇಟ್ಟಿತು. ಐದನೆಯದು ಬಿತ್ತು. ಮತ್ತೆ ಇಟ್ಟಿತು, ಮತ್ತೆ ಬಿತ್ತು. ಪಕ್ಕದ ಮಗು ಕೈ ಚಾಚಿದಾಗ "ನಂದು, ಮುಟ್‌ಬ್ಯಾಡ" ಎಂದು ದಿಮ್ಮಿಗಳನ್ನು ಎದೆಗೆ ಒತ್ತಿಕೊಂಡಿತು. 10.24ಕ್ಕೆ ದೊಡ್ಡ ದಿಮ್ಮಿಯನ್ನು ಕೆಳಗೆ ಇಟ್ಟು ಹೊಸದಾಗಿ ಶುರು ಮಾಡಿತು. ಆರು ನಿಂತವು. ಟೀಚರ್ ಕಡೆ ನೋಡಿತು.'

ಇಲ್ಲಿ ಹಠ ಅನ್ನುವ ಪದವೇ ಇಲ್ಲ. ಮಗು ತಾನೇ ಒಂದು ಸಮಸ್ಯೆ ಬಿಡಿಸಿಕೊಂಡದ್ದು ಕಾಣುತ್ತದೆ. ನಡುವೆ ಕೈ ಹಾಕಿದ್ದಕ್ಕೆ ಸಿಟ್ಟು ಬಂದದ್ದೂ ಕಾಣುತ್ತದೆ. ಮಗುವಿನ ಮಾತನ್ನು ಅದರ ಆಡುಮಾತಲ್ಲೇ ಬರೆಯಿರಿ, ಗ್ರಾಂಥಿಕಕ್ಕೆ ತಿದ್ದಬೇಡಿ. ಎಷ್ಟು ಪದ ಜೋಡಿಸಿ ಮಾತಾಡುತ್ತಿದೆ ಅನ್ನುವುದು ಅದರಲ್ಲೇ ಇರುತ್ತದೆ. ನಿಮಗೆ ಅನಿಸಿದ್ದಕ್ಕೆ ಪುಟದ ಬಲಗಡೆ ಬೇರೆ ಕಾಲಂ ಇಡಿ. ಅದರ ಕೆಳಗೆ 'ನಾಳೆಗೆ' ಅಂತ ಒಂದು ಸಾಲು: ದಿಮ್ಮಿಗಳು ಇಬ್ಬರಿಗೆ ಸಾಕಾಗುವಷ್ಟು ಇಡುವುದು.

20 ಮಕ್ಕಳಿದ್ದರೆ ದಿನಕ್ಕೆ ನಾಲ್ವರಂತೆ ಬರೆದರೆ ವಾರಕ್ಕೊಮ್ಮೆ ಎಲ್ಲರದೂ ಆಗುತ್ತದೆ. ಹಾಗೆ ಸರದಿ ಇಟ್ಟುಕೊಳ್ಳದಿದ್ದರೆ ಗಲಾಟೆ ಮಾಡುವ ಮೂವರ ಬಗ್ಗೆ ಹತ್ತು ಪುಟ ಆಗಿರುತ್ತದೆ, ಸುಮ್ಮನೆ ಕೂರುವ ಮಗುವಿನ ಪುಟ ತಿಂಗಳಾದರೂ ಖಾಲಿ ಇರುತ್ತದೆ. ಗಮನ ಬೇಕಾಗಿರುವುದು ಹೆಚ್ಚಾಗಿ ಆ ಖಾಲಿ ಪುಟದ ಮಗುವಿಗೆ.

ಎರಡನೆಯದು ಚಟುವಟಿಕೆಯ ಯೋಜನೆ. ವಯಸ್ಸು, ಎಷ್ಟು ಮಕ್ಕಳು, ಎಷ್ಟು ನಿಮಿಷ, ಏನು ಬೆಳೆಯಬೇಕು, ಸಾಮಗ್ರಿ ಎಷ್ಟು, ಹಂತಗಳು, ಬೇಗ ಮುಗಿಸಿದ ಮಗುವಿಗೆ ಏನು, ಆಗದ ಮಗುವಿಗೆ ಏನು. ಕೊನೆಯ ಎರಡು ಬರೆಯದ ಯೋಜನೆ ಎಂಟನೇ ನಿಮಿಷಕ್ಕೆ ಕುಸಿಯುತ್ತದೆ. ನಾಲ್ಕು ವರ್ಷದೊಳಗಿನ ಗುಂಪನ್ನು ಒಂದೇ ಕಡೆ ಕೂರಿಸಿ ಮಾಡುವ ಕೆಲಸ 10ರಿಂದ 15 ನಿಮಿಷ ಮೀರಬಾರದು. ಆಮೇಲೆ ಓಡುವುದು, ಕುಣಿಯುವುದು ಏನಾದರೂ ಬರಬೇಕು. ಕೂತು ಮಾಡುವ ಎರಡು ಚಟುವಟಿಕೆ ಒಂದರ ಹಿಂದೊಂದು ಇಟ್ಟುಬಿಡುತ್ತಾರೆ, ಆಮೇಲೆ ಮಕ್ಕಳಿಗೆ ಶಿಸ್ತಿಲ್ಲ ಅಂತಾರೆ.

ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ಹೋಗುವ ಆ ಎರಡು ನಿಮಿಷವನ್ನೂ ಯೋಜನೆಯಲ್ಲಿ ಬರೆಯಿರಿ. ಬೀಳುವುದು, ತಳ್ಳಾಡುವುದು, ಕಚ್ಚುವುದು ಆಗ ಜಾಸ್ತಿ. 'ಎಲ್ಲರೂ ಕೈ ತೊಳ್ಕೊಳ್ಳಿ' ಅಂದರೆ 20 ಜನ ಒಂದೇ ನಲ್ಲಿಗೆ ಮುಗಿಬೀಳುತ್ತಾರೆ. 'ಕೆಂಪು ಅಂಗಿ ಹಾಕಿರೋರು ಬನ್ನಿ', ಆಮೇಲೆ 'ಹಸಿರು ಅಂಗಿ' ಅಂತ ನಾಲ್ಕು ನಾಲ್ಕು ಜನರನ್ನು ಕರೆದರೆ ನಲ್ಲಿ ಹತ್ತಿರ ನೂಕುನುಗ್ಗಲು ಇರುವುದಿಲ್ಲ, ಬಣ್ಣವೂ ಕಲಿತ ಹಾಗಾಯಿತು.

ತುಂಬೆಹೂ:

ಇಷ್ಟು ವಿವರ ಯಾರೂ ಹೇಳಿರಲಿಲ್ಲ, ಎಲ್ಲರಿಗೂ ಧನ್ಯವಾದ. ಇನ್ನೆರಡು ಕೇಳುತ್ತೇನೆ. ನಮ್ಮ ಕಡೆ ಎಲ್‌ಕೆಜಿಗೆ ಸೇರಿದ ತಿಂಗಳಿಗೇ ಎಬಿಸಿಡಿ, ಅಆಇಈ ಬರೆಸಬೇಕು ಅಂತ ಪೋಷಕರು ಕೂರುತ್ತಾರೆ. ತರಬೇತಿಯಲ್ಲಿ ಇದಕ್ಕೆ ಏನು ಹೇಳಿಕೊಡುತ್ತಾರೆ? ಮತ್ತೆ ಕಲಿಕಾ ಸಾಮಗ್ರಿ ನಾವೇ ಮನೆಯಲ್ಲಿ ಮಾಡುವುದಾದರೆ ಯಾವುದರಿಂದ ಶುರು ಮಾಡಲಿ? ಹುಣಸೆ ಬೀಜ, ಗುಲಗಂಜಿ ಕೂಡಿಸುತ್ತಾ ಇದ್ದೇನೆ.

ಮರಳುಗುಡ್ಡೆ:

ಗುಲಗಂಜಿಯನ್ನು ದಯವಿಟ್ಟು ಇವತ್ತೇ ತೆಗೆದುಹಾಕಿ. ಅದು ವಿಷದ ಬೀಜ. ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಹೊರಗೆ ಹೋಗಬಹುದು, ಆದರೆ ಅಗಿದರೆ ಅಥವಾ ಸರ ಪೋಣಿಸಲು ತೂತು ಮಾಡಿದ್ದರೆ ಜೀವಕ್ಕೆ ಅಪಾಯ. ಕೆಂಪಗೆ ಹೊಳೆಯುವುದರಿಂದ ಮಗು ಮೊದಲು ಕೈ ಹಾಕುವುದೇ ಅದಕ್ಕೆ.

ಹುಣಸೆ ಬೀಜ, ಕಡಲೆ, ಅವರೆ ಇವು ನಾಲ್ಕು ದಾಟಿದ ಮಕ್ಕಳಿಗೆ, ಅದೂ ನೀವು ಪಕ್ಕದಲ್ಲೇ ಕೂತಿರುವಾಗ, ಒಂದು ಸಲಕ್ಕೆ ಐದಾರು ಮಕ್ಕಳಿಗೆ. ಒಣ ಕಾಳು ಮೂಗಿನಲ್ಲೋ ಕಿವಿಯಲ್ಲೋ ಸಿಕ್ಕಿಕೊಂಡರೆ ತೇವ ಹೀರಿ ಉಬ್ಬುತ್ತದೆ, ಆಮೇಲೆ ಮನೆಯಲ್ಲಿ ತೆಗೆಯಲು ಹೋಗಬಾರದು, ಡಾಕ್ಟರೇ ತೆಗೆಯಬೇಕು. ಕೊಟ್ಟದ್ದು ಎಷ್ಟು, ವಾಪಸ್ ಬಂದದ್ದು ಎಷ್ಟು ಅಂತ ಎಣಿಸಿ. ಮೂರು ವರ್ಷದೊಳಗಿನವರು ಇದ್ದರೆ, ಮೂರು ಸೆಂಟಿಮೀಟರ್ ಅಗಲದ ಕೊಳವೆಯಲ್ಲಿ ತೂರಿಹೋಗುವ ಯಾವ ವಸ್ತುವೂ ಕೋಣೆಯಲ್ಲಿ ಇರಬಾರದು. ಕಾಳಿನ ಬದಲು ಬಾಟಲಿಯ ದೊಡ್ಡ ಮುಚ್ಚಳ, ಮರದ ದೊಡ್ಡ ಮಣಿ, ತೆಂಗಿನ ಚಿಪ್ಪು ಚೆನ್ನಾಗಿ ಉಜ್ಜಿ ನಯ ಮಾಡಿದ್ದು ಇಡಿ.

ಮೊದಲು ಮಾಡಬೇಕಾದ ಸಾಮಗ್ರಿ ಹಿಟ್ಟಿನ ಮುದ್ದೆ. ಎರಡು ಕಪ್ ಮೈದಾ, ಒಂದು ಕಪ್ ಪುಡಿ ಉಪ್ಪು, ಎರಡು ದೊಡ್ಡ ಚಮಚ ಎಣ್ಣೆ, ನೀರು ಮುಕ್ಕಾಲು ಕಪ್ಪಿನಷ್ಟು, ಸ್ವಲ್ಪ ಸ್ವಲ್ಪವೇ. ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಲಿ. ಬಣ್ಣಕ್ಕೆ ಅರಿಸಿನ, ಬೀಟ್‌ರೂಟ್ ರಸ. ರಸ ಹಾಕಿದರೆ ಅಷ್ಟು ನೀರು ಕಡಿಮೆ ಮಾಡಿ. ಉಪ್ಪು ಇರುವುದು ಕೆಡದಿರಲಿ ಅಂತ, ಮಗು ತಿನ್ನದಿರಲಿ ಅಂತಲೂ. ಉಪ್ಪು ಕಡಿಮೆ ಮಾಡಿದರೆ ಎರಡು ದಿನಕ್ಕೆ ಹುಳಿ ವಾಸನೆ. ಮಳೆಗಾಲದಲ್ಲಿ ಉಪ್ಪು ಗಾಳಿಯ ತೇವ ಎಳೆದುಕೊಂಡು ಮುದ್ದೆ ಅಂಟಂಟಾಗುತ್ತದೆ, ಒಂದು ಹಿಡಿ ಒಣ ಹಿಟ್ಟು ಸೇರಿಸಿ ನಾದಿ. ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ವಾರ ಬರುತ್ತದೆ. ಕೈಯಲ್ಲಿ ಗಾಯ ಇರುವ ಮಗುವಿಗೆ ಉಪ್ಪು ಉರಿಯುತ್ತದೆ, ಅವತ್ತು ಆ ಮಗುವಿಗೆ ಬೇರೆ ಕೆಲಸ ಕೊಡಿ.

ಬರವಣಿಗೆ ಪ್ರಶ್ನೆಗೂ ಉತ್ತರ ಇದೇ ಮುದ್ದೆಯಲ್ಲಿದೆ. ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆ ಇವೆ. ಹುಟ್ಟುವಾಗ ಅವು ಮೆದು. ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ, ಕೊನೆಯದು ಶುರುವಾಗುವುದೇ 8ರಿಂದ 12 ವರ್ಷದ ನಡುವೆ. ಮೂರೂವರೆ ವರ್ಷದ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಭುಜದಿಂದ ಎಳೆಯುತ್ತದೆ, ಬೆರಳಿನಿಂದ ಅಲ್ಲ. ಆಗ ನಾಲ್ಕು ಗೆರೆ ಪುಸ್ತಕ ಕೊಟ್ಟರೆ ಒತ್ತಿ ಒತ್ತಿ ಬರೆಯುತ್ತದೆ, ಹಾಳೆ ಹರಿಯುತ್ತದೆ, ಕೈ ನೋಯುತ್ತದೆ, ಬರೆಯುವುದೆಂದರೇ ಬೇಡವಾಗುತ್ತದೆ. ಆ ಕೈ ಮೊದಲು ಮುದ್ದೆ ಹಿಸುಕಬೇಕು, ಬಟ್ಟೆ ಕ್ಲಿಪ್ಪು ಒತ್ತಬೇಕು, ಸ್ಪಂಜಿನಿಂದ ನೀರು ಹಿಂಡಬೇಕು, ಮರಳಲ್ಲಿ ಬೆರಳಿನಿಂದ ಸುತ್ತು ಹಾಕಬೇಕು, ನೆಲದ ಮೇಲೆ ಚಾಕ್‌ಪೀಸಿನಿಂದ ದೊಡ್ಡದಾಗಿ ಗೀಚಬೇಕು. ಕನ್ನಡದ ಅಕ್ಷರಗಳೆಲ್ಲ ಸುತ್ತು, ಕೊಂಡಿ. ಹಾಗಾಗಿ ಸುತ್ತು ಹಾಕುವ ಅಭ್ಯಾಸ ನಮ್ಮ ಮಕ್ಕಳಿಗೆ ಇನ್ನೂ ಹೆಚ್ಚು ಬೇಕು. ಅಕ್ಷರ ಶುರು ಮಾಡುವಾಗಲೂ ಅ ಆ ಇ ಈ ಸಾಲು ಬೇಡ. ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಪದ್ಧತಿಯಾದ ನಲಿಕಲಿಯಲ್ಲಿ ಮಾಡುವ ಹಾಗೆ ರ, ಗ, ಸ, ದ, ಅ ಅಂತ ಬರೆಯಲು ಸುಲಭವಾದವು, ಆಕಾರ ಹೋಲುವವು ಮೊದಲು ಬರಲಿ. ಐದೇ ಅಕ್ಷರದಲ್ಲಿ ಸರ, ಗರಗಸ, ಅರಸ ಅಂತ ಪದಗಳೇ ಸಿಗುತ್ತವೆ. ಓದಿದ್ದಕ್ಕೆ ಅರ್ಥ ಇದೆ ಅಂತ ಮಗುವಿಗೆ ಅಲ್ಲೇ ಗೊತ್ತಾಗುತ್ತದೆ.

ಪೋಷಕರಿಗೆ ಭಾಷಣ ಮಾಡಿ ಒಪ್ಪಿಸಲು ಆಗುವುದಿಲ್ಲ. ಜೂನ್‌ನಲ್ಲಿ ಮಗು ಗೀಚಿದ ಹಾಳೆ, ಸೆಪ್ಟೆಂಬರ್‌ನದು, ಡಿಸೆಂಬರ್‌ನದು ಮೂರನ್ನೂ ತಾರೀಖು ಹಾಕಿ ಇಟ್ಟುಕೊಂಡು ಪಕ್ಕಪಕ್ಕ ತೋರಿಸಿ. ಗೀಚುವುದು ಸುತ್ತಾಗಿ, ಸುತ್ತು ಮುಖವಾಗಿ, ಮುಖಕ್ಕೆ ಕೈಕಾಲು ಬಂದದ್ದು ಅವರ ಕಣ್ಣಿಗೇ ಕಾಣುತ್ತದೆ.

ಕುಂಟಾಬಿಲ್ಲೆ:

ಮಾಂಟೆಸರಿ ಬಗ್ಗೆ ಯಾರೂ ಹೇಳಲಿಲ್ಲ, ಚಿಕ್ಕದಾಗಿ ಸೇರಿಸುತ್ತೇನೆ. ಆ ಹೆಸರನ್ನು ಯಾರು ಬೇಕಾದರೂ ಬೋರ್ಡಿಗೆ ಹಾಕಿಕೊಳ್ಳಬಹುದು, ತಡೆಯುವವರಿಲ್ಲ. ಮಾರಿಯಾ ಮಾಂಟೆಸರಿ 1939ರಲ್ಲಿ ಮದ್ರಾಸಿಗೆ ಬಂದು ಅಡ್ಯಾರಿನಲ್ಲಿ ತರಬೇತಿ ನಡೆಸಿದವರು, ಆ ಪರಂಪರೆ ನಮ್ಮ ಕಡೆ ಗಟ್ಟಿಯಾಗಿದೆ. ಹಾಗಾಗಿ ಅಸಲಿ ಯಾವುದು ಅಂತ ನೋಡಿ ಸೇರಿ. ಅವರೇ ಕಟ್ಟಿದ ಅಂತರರಾಷ್ಟ್ರೀಯ ಸಂಸ್ಥೆ ಎಎಂಐ. ಅದರ 3ರಿಂದ 6 ವರ್ಷದ ಡಿಪ್ಲೊಮಾದಲ್ಲಿ ಪ್ರತಿ ಸಾಮಗ್ರಿಯನ್ನು ಮಗುವಿಗೆ ಹೇಗೆ ತೋರಿಸಬೇಕು ಅಂತ ನೀವೇ ಬರೆದು, ಚಿತ್ರ ಹಾಕಿ ಆಲ್ಬಂ ಮಾಡಬೇಕು. ನಿತ್ಯಜೀವನದ ಕೆಲಸ, ಇಂದ್ರಿಯ, ಭಾಷೆ, ಗಣಿತ ಹೀಗೆ ಬೇರೆ ಬೇರೆ. ಮುದ್ರಿಸಿದ ಆಲ್ಬಂ ಕೈಗೆ ಕೊಟ್ಟು ಕಳಿಸುವ ಕಡೆ ಮಾಂಟೆಸರಿ ಕಲಿಸುತ್ತಿಲ್ಲ ಅಂತಲೇ ತಿಳಿಯಿರಿ. ಮಾಂಟೆಸರಿಯ ಒಂದು ಸಾಮಗ್ರಿಯಾದ ಗುಲಾಬಿ ಗೋಪುರದ ಹತ್ತು ಘನಗಳು ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ ಯಾಕೆ ಸರಿಯಾಗಿ ಒಂದೊಂದೇ ಹೆಚ್ಚುತ್ತವೆ, ಮಗು ತಪ್ಪಿಟ್ಟರೆ ಟೀಚರ್ ಯಾಕೆ ತಿದ್ದುವುದಿಲ್ಲ, ಇದನ್ನು ಕೇಳಿ ನೋಡಿ. ತಪ್ಪು ಗೋಪುರದಲ್ಲೇ ಮಗುವಿನ ಕಣ್ಣಿಗೆ ಕಾಣುವ ಹಾಗೆ ಸಾಮಗ್ರಿ ಮಾಡಿರುತ್ತಾರೆ ಅನ್ನುವ ಉತ್ತರ ಬರಬೇಕು.

ಸರ್ಕಾರಿ ಹುದ್ದೆಯ ಲೆಕ್ಕಕ್ಕೆ ಬೇಕು ಅನ್ನುವುದಾದರೆ ಮಾಂಟೆಸರಿಯನ್ನು ನಂಬಿ ಕೂರಬೇಡಿ, ಆಯಾ ಪ್ರಕಟಣೆಯಲ್ಲಿ ಕೇಳಿದ ಅರ್ಹತೆಯೇ ಅಲ್ಲಿ ನಡೆಯುವುದು. ಖಾಸಗಿ ಶಾಲೆಗಳಲ್ಲಿ ಇದಕ್ಕೆ ಬೆಲೆ ಇದೆ. ಫೀಸು ಹೆಚ್ಚು, ಹೆಚ್ಚಾಗಿ ಬೆಂಗಳೂರಿನಲ್ಲಿ ಇದ್ದು ಮಾಡಬೇಕಾಗುತ್ತದೆ, ಅದನ್ನೂ ಲೆಕ್ಕ ಹಾಕಿ.

ಅಂಗಳದಮಾತು:

ಇನ್ನೊಂದು ವಿಷಯ ಕೋರ್ಸುಗಳಲ್ಲಿ ಒಂದೇ ದಿನದಲ್ಲಿ ಮುಗಿಸಿಬಿಡುತ್ತಾರೆ, ನೀವು ಹಾಗೆ ಬಿಡಬೇಡಿ. ಬೆಳವಣಿಗೆ ನಿಧಾನ ಇರುವ ಮಗುವನ್ನು ಗುರುತಿಸುವುದು. ಹೆಸರು ಕರೆದರೆ ತಿರುಗದ ಮಗು, ಎರಡು ವರ್ಷ ತುಂಬಿದರೂ 'ಅಮ್ಮ ಬಾ', 'ನೀರು ಬೇಕು' ಅಂತ ಎರಡು ಪದ ಜೋಡಿಸದ ಮಗು, ಬರುತ್ತಿದ್ದ ಮಾತು ನಿಂತುಹೋದ ಮಗು. ಇಂಥದ್ದು ಕಂಡರೆ 'ಗಂಡುಮಕ್ಕಳಿಗೆ ಮಾತು ತಡ' ಅಂತ ಸಮಾಧಾನ ಹೇಳಿ ಕಳಿಸಬಾರದು. ಹಾಗಂತ 'ನಿಮ್ಮ ಮಗುವಿಗೆ ಆಟಿಸಂ ಇದೆ' ಅಂತ ನಾವು ಹೇಳುವುದೂ ತಪ್ಪು, ಅದು ನಮ್ಮ ಕೆಲಸ ಅಲ್ಲ. ನೋಡಿದ್ದನ್ನು ತಾರೀಖಿನ ಸಮೇತ ಹೇಳಿ, ಕಿವಿ ಪರೀಕ್ಷೆ ಮೊದಲು ಮಾಡಿಸಲು ಹೇಳಿ. ಕಿವಿ ಕೇಳಿಸದೆ ಮಾತು ಬಾರದ ಮಕ್ಕಳು ಬಹಳ. ಆರ್‌ಬಿಎಸ್‌ಕೆ, ಅಂದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಆರೋಗ್ಯ ತಪಾಸಣಾ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ, ಅವರಿಂದ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಗಬಹುದು. ಮಾತು ಮತ್ತು ಶ್ರವಣಕ್ಕೆ ಮೈಸೂರಿನ ಆಯಿಷ್ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಇದೆ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ 2012ರ ಪೋಕ್ಸೊ ಕಾಯ್ದೆಯನ್ನು ಓದಿಯೇ ಕೆಲಸಕ್ಕೆ ಸೇರಿ. ಗೊತ್ತಾದ ಮೇಲೆ ತಿಳಿಸದೆ ಇರುವುದೂ ಅಪರಾಧ. ಮುಖ್ಯಸ್ಥರಿಗೆ ಹೇಳಿದೆ, ನನ್ನ ಕೆಲಸ ಮುಗಿಯಿತು ಅನ್ನುವ ಹಾಗಿಲ್ಲ, ದೂರು ಪೊಲೀಸರಿಗೆ ಮುಟ್ಟಬೇಕು. ಸಹಾಯಕ್ಕೆ ಮಕ್ಕಳ ಸಹಾಯವಾಣಿ 1098.

ತುಂಬೆಹೂ:

ಎಲ್ಲವನ್ನೂ ನೋಟ್‌ಬುಕ್ಕಲ್ಲಿ ಬರೆದುಕೊಂಡೆ. ಗುಲಗಂಜಿ ತೆಗೆದುಹಾಕಿದ್ದೇನೆ. ಅಂಗನವಾಡಿ ಪ್ರಕಟಣೆಗೆ ದಾಖಲೆ ಸಿದ್ಧ ಮಾಡಿಟ್ಟುಕೊಂಡು, ಅದರ ಜೊತೆಗೆ ಇಗ್ನೋಗೂ ಅರ್ಜಿ ಹಾಕುವ ಯೋಚನೆ ಇದೆ, ಯಾಕೆಂದರೆ ಎರಡು ವರ್ಷ ದಿನಾ ಹೋಗಿ ಬರುವ ಕೋರ್ಸು ನನಗೆ ಕಷ್ಟ. ಪ್ರಾಜೆಕ್ಟಿಗೆ ಅಂಗನವಾಡಿಯಲ್ಲಿ ಅನುಮತಿ ಕೇಳುವುದು ಹೇಗೆ? ಬಾಯಲ್ಲಿ ಕೇಳಿದರೆ ಸಾಕಾ?

ಹಲಗೆಬಳಪ:

ಬಾಯಲ್ಲಿ ಕೇಳಿದ್ದು ಸಾಲುವುದಿಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಅಂದರೆ ಸಿಡಿಪಿಒ ಅವರಿಗೆ ಅರ್ಜಿ ಬರೆಯಿರಿ. ಅದರಲ್ಲಿ ಇಗ್ನೋ ನೋಂದಣಿ ಸಂಖ್ಯೆ, ಯಾವ ಕೇಂದ್ರ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ದಿನಕ್ಕೆ ಎಷ್ಟು ಗಂಟೆ, ಏನೇನು ಚಟುವಟಿಕೆ ಇಷ್ಟೂ ಇರಲಿ. ಅಧ್ಯಯನ ಕೇಂದ್ರದಿಂದ ಒಂದು ಪತ್ರ ಪಡೆದು ಲಗತ್ತಿಸಿ. ಮಕ್ಕಳ ಫೋಟೊ ತೆಗೆಯುವುದಿಲ್ಲ, ವರದಿಯಲ್ಲಿ ಹೆಸರು ಬರೆಯುವುದಿಲ್ಲ ಅಂತ ನೀವಾಗಿಯೇ ಒಂದು ಸಾಲು ಸೇರಿಸಿ, ಅನುಮತಿ ಕೊಡುವವರಿಗೆ ಧೈರ್ಯ ಬರುತ್ತದೆ. ಎರಡು ಪ್ರತಿ ಒಯ್ದು ಒಂದಕ್ಕೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಜೂನ್ ಮೊದಲ ವಾರಗಳನ್ನು ಕೇಳಬೇಡಿ. ಹೊಸ ಮಕ್ಕಳು ಅಳುತ್ತಿರುತ್ತಾರೆ, ಹೊಸ ಮುಖ ಇನ್ನೊಂದು ಬಂದರೆ ಕಾರ್ಯಕರ್ತೆಗೂ ಕಷ್ಟ. ಆಗಸ್ಟ್ ಮೇಲೆ ಕೇಳಿ. ಮೊದಲ ಮೂರು ದಿನ ಯಾವ ಚಟುವಟಿಕೆಯನ್ನೂ ನಡೆಸಬೇಡಿ. ಒಂದು ಮೂಲೆಯಲ್ಲಿ ನೆಲದ ಮೇಲೆ ಕೂತು ಮರಳುಗುಡ್ಡೆ ಅವರು ಹೇಳಿದ ಹಾಗೆ ದಿನಕ್ಕೆ ನಾಲ್ಕು ಮಕ್ಕಳ ಬಗ್ಗೆ ಬರೆಯಿರಿ. ನಾಲ್ಕನೇ ದಿನಕ್ಕೆ ಯಾವುದಾದರೂ ಒಂದು ಮಗು ತಾನಾಗಿಯೇ ಬಂದು 'ಏನ್ ಬರೀತಿದೀರ' ಅಂತ ಕೇಳುತ್ತದೆ. ಆ ಮಗುವನ್ನು ಜೊತೆಗಿಟ್ಟುಕೊಂಡು ಮೊದಲ ಚಟುವಟಿಕೆ ಶುರು ಮಾಡಿ.